ಅನ್‌ಇನ್‌ಸ್ಟಾಲ್ ಮಾಡಿದರೂ ಹೋಗದ ತಂತ್ರಾಂಶಗಳು

ಪ್ರಶ್ನೆ: ನನ್ನ ಕಂಪ್ಯೂಟರಿನಲ್ಲಿ ವಿಂಡೋಸ್ 11 ಇದೆ. ಹಳೆಯ ಪ್ರಿಂಟರಿನೊಂದಿಗೆ ಬಂದಿದ್ದ ಒಂದು ತಂತ್ರಾಂಶವನ್ನು ತೆಗೆಯಲು ಹೋದರೆ ಯಾವುದೋ ಕಡತ ಸಿಗುತ್ತಿಲ್ಲ ಎಂಬ ಸಂದೇಶ ಬಂದು ಕೆಲಸ ಅಲ್ಲಿಗೇ ನಿಲ್ಲುತ್ತದೆ. ಅವಧಿ ಮುಗಿದ ಆಂಟಿವೈರಸ್ ಒಂದನ್ನು ಅನ್‌ಇನ್‌ಸ್ಟಾಲ್ ಮಾಡಿದ್ದರೂ ‘ನಿಮ್ಮ ರಕ್ಷಣೆ ಮುಗಿದಿದೆ’ ಎಂಬ ಎಚ್ಚರಿಕೆ ದಿನವೂ ಪರದೆಯ ಮೂಲೆಯಲ್ಲಿ ಕಾಣಿಸಿಕೊಳ್ಳುತ್ತಿದೆ. ಇಂಥವನ್ನು ಬುಡಸಮೇತ ಕಿತ್ತುಹಾಕುವ ಉಚಿತ ತಂತ್ರಾಂಶ ಯಾವುದೆಂದು ತಿಳಿಸುವಿರಾ?

ಉತ್ತರ: ನೀವು ಹೇಳಿರುವ ಎರಡು ತೊಂದರೆಗಳಿಗೂ ಕಾರಣ ಬೇರೆ ಬೇರೆಯಾಗಿರುವುದರಿಂದ ಒಂದೇ ಮದ್ದು ಎರಡಕ್ಕೂ ಒಗ್ಗುವುದಿಲ್ಲ. ತಂತ್ರಾಂಶದ ಹೆಸರು ಹೇಳುವ ಮೊದಲು ಕಾರಣವನ್ನು ನೋಡೋಣ.

ಪಟ್ಟಿಯಲ್ಲಿ ‘ಅನ್‌ಇನ್‌ಸ್ಟಾಲ್’ ಒತ್ತಿದಾಗ ವಿಂಡೋಸ್ ತಾನೇ ಕಡತಗಳನ್ನು ಹುಡುಕಿ ಅಳಿಸುತ್ತದೆ ಎಂದು ಬಹಳ ಮಂದಿ ಭಾವಿಸುತ್ತಾರೆ. ಹೆಚ್ಚಿನ ತಂತ್ರಾಂಶಗಳ ವಿಷಯದಲ್ಲಿ ನಡೆಯುವುದು ಹಾಗಲ್ಲ. ಪ್ರತಿಯೊಂದು ತಂತ್ರಾಂಶವೂ ಇನ್‌ಸ್ಟಾಲ್ ಆಗುವಾಗ ತನ್ನನ್ನು ತೆಗೆಯುವ ಕಡತ ಎಲ್ಲಿದೆ ಎಂಬುದನ್ನು ರಿಜಿಸ್ಟ್ರಿಯಲ್ಲಿ, ಅಂದರೆ ವಿಂಡೋಸ್ ತನ್ನ ಮತ್ತು ತಂತ್ರಾಂಶಗಳ ಸೆಟ್ಟಿಂಗುಗಳನ್ನು ಕಾಪಾಡುವ ದಾಖಲೆಯಲ್ಲಿ, ಬರೆದಿಡುತ್ತದೆ. ವಿಂಡೋಸ್ ಆ ವಿಳಾಸವನ್ನು ಓದಿ, ಅಲ್ಲಿರುವ ಕಡತವನ್ನು ಚಲಾಯಿಸುತ್ತದೆ, ಅಷ್ಟೆ. ಆ ಕಡತ ಅಳಿದುಹೋಗಿದ್ದರೆ ಹೆಸರು ಪಟ್ಟಿಯಲ್ಲಿ ಉಳಿಯುತ್ತದೆ, ತೆಗೆಯುವ ದಾರಿ ಮಾತ್ರ ಮುಚ್ಚಿರುತ್ತದೆ. ಎಂಎಸ್‌ಐ (ವಿಂಡೋಸಿನದೇ ಇನ್‌ಸ್ಟಾಲರ್ ಸೇವೆಯ ಮೂಲಕ ಹಾಕುವ ಕಡತ) ರೂಪದಲ್ಲಿ ಬಂದ ತಂತ್ರಾಂಶಗಳಿಗೆ ಬೇಕಾದ ಕಡತಗಳನ್ನು ವಿಂಡೋಸ್ ಫೋಲ್ಡರಿನೊಳಗೆ ‘ಇನ್‌ಸ್ಟಾಲರ್’ ಎಂಬ ಅಡಗಿಸಿಟ್ಟ ಫೋಲ್ಡರಿನಲ್ಲಿ ಕಾಪಾಡಲಾಗಿರುತ್ತದೆ. ಡಿಸ್ಕಿನಲ್ಲಿ ಜಾಗ ಸಾಲದೆಂದು ಅದನ್ನು ಖಾಲಿ ಮಾಡಿದವರಿಗೆ ತಿಂಗಳುಗಳ ನಂತರ ‘ನೀವು ಕೇಳಿದ ಸೌಲಭ್ಯವಿರುವ ನೆಟ್‌ವರ್ಕ್ ಜಾಗ ಲಭ್ಯವಿಲ್ಲ’ ಎಂಬರ್ಥದ, ನೆಟ್‌ವರ್ಕಿಗೆ ಸಂಬಂಧವೇ ಇಲ್ಲದವರನ್ನೂ ತಬ್ಬಿಬ್ಬುಗೊಳಿಸುವ ಸಂದೇಶ ಎದುರಾಗುತ್ತದೆ. ನಿಮ್ಮ ಪ್ರಿಂಟರ್ ತಂತ್ರಾಂಶದ ಕಥೆಯೂ ಬಹುಶಃ ಇದೇ ಇರಬೇಕು.

ಇದಕ್ಕೆ ಮೊದಲ ಉಪಾಯ ಕೇಳಲು ವಿಚಿತ್ರವೆನಿಸಬಹುದು: ತೆಗೆಯಬೇಕಾದ ತಂತ್ರಾಂಶವನ್ನು ಮತ್ತೊಮ್ಮೆ ಇನ್‌ಸ್ಟಾಲ್ ಮಾಡಿ. ತಯಾರಕರ ತಾಣದಿಂದ ಸಾಧ್ಯವಾದರೆ ಅದೇ ಆವೃತ್ತಿಯನ್ನು ಇಳಿಸಿಕೊಂಡು, ಇದ್ದದ್ದರ ಮೇಲೆಯೇ ಹಾಕಿದರೆ, ಕಳೆದುಹೋದ ಕಡತಗಳು ಮರಳಿ ಬರುತ್ತವೆ. ಆಮೇಲೆ ಎಂದಿನಂತೆ ಅನ್‌ಇನ್‌ಸ್ಟಾಲ್ ಮಾಡಬಹುದು. ಹಳೆಯ ಆವೃತ್ತಿ ಎಲ್ಲಿಯೂ ಸಿಗದಿದ್ದರೆ, ಇನ್‌ಸ್ಟಾಲ್ ಮತ್ತು ಅನ್‌ಇನ್‌ಸ್ಟಾಲ್ ತೊಂದರೆಗಳಿಗೆಂದೇ ಮೈಕ್ರೋಸಾಫ್ಟ್ ತನ್ನ ಸಹಾಯ ಪುಟದಲ್ಲಿ ಕೊಡುವ ಉಚಿತ ಟ್ರಬಲ್‌ಶೂಟರ್ ಅನ್ನು ಚಲಾಯಿಸಿ. ತಂತ್ರಾಂಶಗಳ ಪಟ್ಟಿಯನ್ನು ತೋರಿಸಿ ಯಾವುದನ್ನು ತೆಗೆಯಬೇಕೆಂದು ಕೇಳುವ ಇದು ಕೆಟ್ಟುಹೋದ ರಿಜಿಸ್ಟ್ರಿ ನಮೂದುಗಳನ್ನು ಸರಿಪಡಿಸುತ್ತದೆ. ನೋಡಲು ಸಪ್ಪೆಯಾದರೂ ಹೊರಗಿನ ಯಾವುದೇ ತಂತ್ರಾಂಶಕ್ಕಿಂತ ಮೊದಲು ಇದನ್ನು ಪ್ರಯತ್ನಿಸುವುದು ಲೇಸು.

ಇಷ್ಟಕ್ಕೂ ಜಗ್ಗದಿದ್ದರೆ ನೀವು ಕೇಳಿದ ಬಗೆಯ ತಂತ್ರಾಂಶಗಳ ಸರದಿ. ಉಚಿತವಾಗಿ ದೊರೆಯುವವುಗಳಲ್ಲಿ ನಾನು ಹೇಳಬಯಸುವುದು ಮೂರು. ‘ಗೀಕ್ ಅನ್‌ಇನ್‌ಸ್ಟಾಲರ್’ ಒಂದೇ ಕಡತದಲ್ಲಿ ಬರುತ್ತದೆ; ಅದನ್ನು ಇನ್‌ಸ್ಟಾಲ್ ಮಾಡುವ ಅಗತ್ಯವೇ ಇಲ್ಲದ್ದರಿಂದ ಪೆನ್‌ಡ್ರೈವಿನಿಂದಲೂ ನಡೆಸಬಹುದು. ಪಟ್ಟಿಯಲ್ಲಿರುವ ಹೆಸರಿನ ಮೇಲೆ ಬಲ ಕ್ಲಿಕ್ ಮಾಡಿದಾಗ ಕಾಣುವ ‘ಫೋರ್ಸ್ ರಿಮೂವಲ್’ ಆಯ್ಕೆ, ತಂತ್ರಾಂಶದ ಸ್ವಂತ ಕಡತವನ್ನು ಕರೆಯುವ ಗೋಜಿಗೆ ಹೋಗದೆ, ಅದಕ್ಕೆ ಸೇರಿದ ಫೋಲ್ಡರುಗಳನ್ನೂ ರಿಜಿಸ್ಟ್ರಿ ನಮೂದುಗಳನ್ನೂ ತಾನೇ ಹುಡುಕಿ ತೋರಿಸುತ್ತದೆ. ನಿಮ್ಮ ಪ್ರಿಂಟರ್ ತಂತ್ರಾಂಶಕ್ಕೆ ಇದು ಸಾಕು.

‘ರೆವೊ ಅನ್‌ಇನ್‌ಸ್ಟಾಲರ್’ ಇನ್ನಷ್ಟು ಎಚ್ಚರಿಕೆಯ ಕ್ರಮ ಅನುಸರಿಸುತ್ತದೆ. ಮೊದಲು ರಿಸ್ಟೋರ್ ಪಾಯಿಂಟ್ (ತೊಂದರೆಯಾದರೆ ವಿಂಡೋಸನ್ನು ಹಿಂದಿನ ಸ್ಥಿತಿಗೆ ಮರಳಿಸುವ ಗುರುತು) ಒಂದನ್ನು ಮಾಡಿಟ್ಟುಕೊಳ್ಳುತ್ತದೆ, ನಂತರ ತಂತ್ರಾಂಶದ ಸ್ವಂತ ಅನ್‌ಇನ್‌ಸ್ಟಾಲರನ್ನು ನಡೆಸುತ್ತದೆ, ಆಮೇಲೆ ಉಳಿಕೆಗಳನ್ನು ಮೂರು ಹಂತಗಳಲ್ಲಿ, ಅಂದರೆ ಸೇಫ್, ಮಾಡರೇಟ್, ಅಡ್ವಾನ್ಸ್ಡ್ ಎಂಬ ಆಯ್ಕೆಗಳಲ್ಲಿ ಒಂದರಂತೆ ಹುಡುಕುತ್ತದೆ. ಮಾಡರೇಟ್ ಹಂತವನ್ನು ದಾಟಬೇಕಾದ ಪ್ರಸಂಗ ಅಪರೂಪ. ಸಿಕ್ಕ ರಿಜಿಸ್ಟ್ರಿ ನಮೂದುಗಳು ಮರದ ಕೊಂಬೆಗಳಂತೆ ಕವಲೊಡೆದು ಕಾಣುತ್ತವೆ. ಅವುಗಳಲ್ಲಿ ದಪ್ಪ ಅಕ್ಷರದಲ್ಲಿರುವವು ಮಾತ್ರ ಅಳಿಸತಕ್ಕವು, ಉಳಿದವು ಅವು ಎಲ್ಲಿವೆಯೆಂದು ತೋರಿಸುವ ದಾರಿ. ‘ಸೆಲೆಕ್ಟ್ ಆಲ್’ ಒತ್ತುವ ಮುನ್ನ ಆ ಹೆಸರುಗಳ ಮೇಲೊಮ್ಮೆ ಕಣ್ಣಾಡಿಸಿ, ನೀವು ಬಳಸುತ್ತಿರುವ ಬೇರೊಂದು ತಂತ್ರಾಂಶದ ಹೆಸರು ನುಸುಳಿಲ್ಲವೆಂದು ಖಚಿತಪಡಿಸಿಕೊಳ್ಳಿ. ಒಂದೇ ಸಂಸ್ಥೆಯ ಎರಡು ತಂತ್ರಾಂಶಗಳು ಕೆಲವು ಕಡತಗಳನ್ನು ಹಂಚಿಕೊಂಡಿರುವುದುಂಟು. ಪಟ್ಟಿಯಲ್ಲಿ ಹೆಸರೇ ಇಲ್ಲದ ತಂತ್ರಾಂಶವನ್ನು ಬಲವಂತವಾಗಿ ತೆಗೆಯುವ ‘ಫೋರ್ಸ್ಡ್ ಅನ್‌ಇನ್‌ಸ್ಟಾಲ್’ ಸೌಲಭ್ಯ ಇದರ ಹಣ ಕೊಟ್ಟು ಕೊಳ್ಳುವ ಆವೃತ್ತಿಯಲ್ಲಷ್ಟೇ ಇದೆ.

ಮೂರನೆಯದು ‘ಬಲ್ಕ್ ಕ್ರ್ಯಾಪ್ ಅನ್‌ಇನ್‌ಸ್ಟಾಲರ್’. ಇದು ಮುಕ್ತ ಆಕರದ್ದು, ಅಂದರೆ ಇದರ ಮೂಲ ಸಂಕೇತವನ್ನು ಯಾರು ಬೇಕಾದರೂ ನೋಡಬಹುದು. ಹತ್ತಾರು ತಂತ್ರಾಂಶಗಳನ್ನು ಒಟ್ಟಿಗೆ ಗುರುತು ಹಾಕಿ ಸಾಲಾಗಿ ತೆಗೆಸಬಲ್ಲದು. ಅನಾಥವಾಗಿ ಉಳಿದ ಫೋಲ್ಡರುಗಳನ್ನೂ ಪತ್ತೆ ಹಚ್ಚುತ್ತದೆ. ಆದರೆ ಬಣ್ಣಬಣ್ಣದ ಸಾಲುಗಳೂ ಆಯ್ಕೆಗಳೂ ತುಂಬಿದ ಇದರ ಪರದೆ ಹೊಸಬರನ್ನು ಗಾಬರಿಗೊಳಿಸುವಂತಿದೆ. ಒಂದೆರಡು ತಂತ್ರಾಂಶ ತೆಗೆಯಲು ಇದು ಬೇಡ. ಬೇಡದ ತಂತ್ರಾಂಶಗಳಿಂದ ತುಂಬಿಹೋದ ಕಂಪ್ಯೂಟರನ್ನು ಹಗುರಗೊಳಿಸಲು ಮಾತ್ರ ಇದಕ್ಕೆ ಸಾಟಿಯಿಲ್ಲ.

ಇನ್ನು ಆಂಟಿವೈರಸ್. ಅದು ಹಟ ಹಿಡಿದು ಕೂರುವುದು ದೋಷವಲ್ಲ, ಉದ್ದೇಶಪೂರ್ವಕ ಏರ್ಪಾಡು. ವೈರಸ್ಸುಗಳು ಕಂಪ್ಯೂಟರಿಗೆ ಹೊಕ್ಕಾಗ ಮೊದಲು ಮಾಡಲು ನೋಡುವ ಕೆಲಸಗಳಲ್ಲಿ ಆಂಟಿವೈರಸ್ಸನ್ನು ನಿಷ್ಕ್ರಿಯಗೊಳಿಸುವುದೂ ಒಂದಾದ್ದರಿಂದ, ಅದು ತನ್ನ ಕಡತಗಳನ್ನೂ ಡ್ರೈವರುಗಳನ್ನೂ (ವ್ಯವಸ್ಥೆಯ ಒಳಭಾಗದಲ್ಲಿ ನಡೆಯುವ ಪುಟ್ಟ ತಂತ್ರಾಂಶಗಳು) ಯಾರೂ ಮುಟ್ಟದಂತೆ ಕಾಯ್ದುಕೊಳ್ಳುತ್ತದೆ. ಮೇಲೆ ಹೇಳಿದ ಮೂರನ್ನೂ ಇದರ ಮೇಲೆ ಪ್ರಯೋಗಿಸಬೇಡಿ. ಅರ್ಧ ತೆಗೆದ ಡ್ರೈವರಿನಿಂದ ಇಂಟರ್ನೆಟ್ ಸಂಪರ್ಕವೇ ಕಡಿದುಹೋಗಬಹುದು. ಅವಾಸ್ಟ್, ಇಸೆಟ್, ಕ್ಯಾಸ್ಪರ್‌ಸ್ಕೈ, ನಾರ್ಟನ್, ಮೆಕಾಫಿ ಮುಂತಾದ ಸಂಸ್ಥೆಗಳು ತಮ್ಮ ತಮ್ಮ ಆಂಟಿವೈರಸ್ಸನ್ನು ಪೂರ್ತಿ ತೆಗೆಯಲೆಂದೇ ಪ್ರತ್ಯೇಕ ಉಚಿತ ಸಾಧನವನ್ನು ನೀಡುತ್ತವೆ. ಅವಾಸ್ಟ್ ಮತ್ತು ಇಸೆಟ್‌ನ ಸಾಧನಗಳನ್ನು ಸೇಫ್ ಮೋಡಿನಲ್ಲಿ, ಅಂದರೆ ವಿಂಡೋಸ್ ತೀರಾ ಅಗತ್ಯವಾದವುಗಳೊಂದಿಗಷ್ಟೇ ಆರಂಭವಾಗುವ ಸ್ಥಿತಿಯಲ್ಲಿ, ನಡೆಸಬೇಕು. ಶಿಫ್ಟ್ ಕೀಲಿ ಹಿಡಿದುಕೊಂಡು ‘ರೀಸ್ಟಾರ್ಟ್’ ಒತ್ತಿದರೆ ಬರುವ ನೀಲಿ ಪರದೆಯಲ್ಲಿ ಟ್ರಬಲ್‌ಶೂಟ್, ಅಡ್ವಾನ್ಸ್ಡ್ ಆಪ್ಷನ್ಸ್, ಸ್ಟಾರ್ಟಪ್ ಸೆಟ್ಟಿಂಗ್ಸ್ ಎಂದು ಮುಂದುವರಿದು, ಮತ್ತೆ ರೀಸ್ಟಾರ್ಟ್ ಆದಾಗ 4ನ್ನು ಒತ್ತಿದರೆ ಸೇಫ್ ಮೋಡ್ ಸಿಗುತ್ತದೆ. ಡಿಸ್ಕಿಗೆ ವಿಂಡೋಸಿನ ಬಿಟ್‌ಲಾಕರ್ ಎಂಬ ಗೂಢಲಿಪಿಯ ಬೀಗ ಹಾಕಿದ್ದರೆ ನಡುವೆ ರಿಕವರಿ ಕೀ ಕೇಳಬಹುದು. ಅದನ್ನು ಮೊದಲೇ ಬರೆದಿಟ್ಟುಕೊಳ್ಳಿ. ಪ್ರಿಂಟರ್ ತಂತ್ರಾಂಶವನ್ನೂ ಸೇಫ್ ಮೋಡಿನಲ್ಲೇ ತೆಗೆದುಬಿಡೋಣವೆಂದರೆ ಆಗದಿರಬಹುದು, ಏಕೆಂದರೆ ಎಂಎಸ್‌ಐ ತಂತ್ರಾಂಶಗಳನ್ನು ತೆಗೆಯುವ ವಿಂಡೋಸ್ ಇನ್‌ಸ್ಟಾಲರ್ ಸೇವೆ ಅಲ್ಲಿ ಸಾಮಾನ್ಯವಾಗಿ ನಡೆಯುವುದಿಲ್ಲ. ಆಂಟಿವೈರಸ್ ಹೋದೊಡನೆ ವಿಂಡೋಸಿನದೇ ಆದ ಡಿಫೆಂಡರ್ ತಾನಾಗಿ ಕಾವಲಿಗೆ ನಿಲ್ಲುತ್ತದೆ.

ಆದರೆ ಈ ಸಾಧನವನ್ನು ಇಳಿಸಿಕೊಳ್ಳುವ ಮೊದಲು ಮೂಲೆಯಲ್ಲಿ ಬರುವ ಆ ಎಚ್ಚರಿಕೆಯನ್ನು ಹತ್ತಿರದಿಂದ ನೋಡಿ. ಅದರಲ್ಲಿ ಸಣ್ಣ ಅಕ್ಷರದಲ್ಲಿ ಕ್ರೋಮ್ ಅಥವಾ ಎಡ್ಜ್ ಎಂಬ ಬ್ರೌಸರಿನ ಹೆಸರೂ ಯಾವುದೋ ತಾಣದ ವಿಳಾಸವೂ ಇದ್ದರೆ, ಆಂಟಿವೈರಸ್ ಎಂದೋ ಹೋಗಿದೆ. ನೀವು ನೋಡುತ್ತಿರುವುದು ಎಂದೋ ‘ಅಲೌ’ ಒತ್ತಿದ ತಾಣವೊಂದು ಕಳಿಸುತ್ತಿರುವ ಜಾಹೀರಾತು. ಅದನ್ನು ಕ್ಲಿಕ್ ಮಾಡದೆ, ಬ್ರೌಸರಿನ ಸೆಟ್ಟಿಂಗ್ಸಿನಲ್ಲಿ ನೋಟಿಫಿಕೇಶನ್ ಅನುಮತಿಗಳ ಪಟ್ಟಿ ತೆರೆದು ಆ ತಾಣವನ್ನು ತೆಗೆದುಹಾಕಿ. ಬಹಳ ಸಲ ಇಲ್ಲಿಗೇ ಮುಗಿಯುತ್ತದೆ.

ಯಾವ ದಾರಿ ಹಿಡಿದರೂ ಕೊನೆಯಲ್ಲಿ ‘ರೀಸ್ಟಾರ್ಟ್’ ಮಾಡಿ, ‘ಶಟ್ ಡೌನ್’ ಮಾಡಿ ಮತ್ತೆ ಆರಂಭಿಸಬೇಡಿ. ಫಾಸ್ಟ್ ಸ್ಟಾರ್ಟಪ್ ಚಾಲ್ತಿಯಲ್ಲಿರುವ ಕಂಪ್ಯೂಟರುಗಳಲ್ಲಿ ಶಟ್ ಡೌನ್ ಎಂದರೆ ಪೂರ್ತಿ ಆರಿಸುವುದಲ್ಲ. ವ್ಯವಸ್ಥೆಯ ಒಳಭಾಗದ ಸ್ಥಿತಿಯನ್ನು ಡಿಸ್ಕಿನಲ್ಲಿ ಉಳಿಸಿಟ್ಟು, ಮುಂದಿನ ಬಾರಿ ಅದನ್ನೇ ಮತ್ತೆ ತರಲಾಗುತ್ತದೆ. ಅಳಿಸಬೇಕಾದ ಡ್ರೈವರ್ ಆ ಸ್ಥಿತಿಯೊಂದಿಗೇ ಮರಳಿ ಬರುತ್ತದೆ.

ಪ್ರಶ್ನೆ: ತಂತ್ರಾಂಶ ತೆಗೆಯುವ ತಂತ್ರಾಂಶವೊಂದನ್ನು ಉಚಿತವೆಂದು ಇಳಿಸಿಕೊಂಡೆ. ಅದರೊಂದಿಗೆ ಇನ್ನೆರಡು ತಾವಾಗಿಯೇ ಬಂದು ಕೂತವು. ಬ್ರೌಸರಿನ ಮುಖಪುಟವೂ ಬದಲಾಗಿದೆ. ಏನು ಮಾಡಲಿ?

ಉತ್ತರ: ಈ ಬಗೆಯ ಹುಡುಕಾಟದಲ್ಲಿ ಇದು ಎಲ್ಲಕ್ಕಿಂತ ಸಾಮಾನ್ಯವಾದ ಅನಾಹುತ. ಮೊದಲು ಆ ಮೂರನ್ನೂ ಎಂದಿನ ರೀತಿಯಲ್ಲಿ ಅನ್‌ಇನ್‌ಸ್ಟಾಲ್ ಮಾಡಿ, ಬಳಿಕ ‘ಆಡ್ವ್‌ಕ್ಲೀನರ್’ ನಡೆಸಿ. 2016ರಿಂದ ಮಾಲ್‌ವೇರ್‌ಬೈಟ್ಸ್ ಸಂಸ್ಥೆಯ ಕೈಯಲ್ಲಿರುವ ಈ ಉಚಿತ ಸಾಧನ ಇರುವುದೇ ಜಾಹೀರಾತು ತಂತ್ರಾಂಶ, ಬೇಡದ ಟೂಲ್‌ಬಾರ್, ಮುಖಪುಟ ಕದಿಯುವ ಕಾರ್ಯಕ್ರಮಗಳನ್ನು ತೆಗೆಯಲು. ಅದು ಕಂಡದ್ದನ್ನು ಕ್ವಾರಂಟೈನಿಗೆ ಹಾಕುವುದರಿಂದ ತಪ್ಪಾಗಿ ಹೋದುದನ್ನು ಮರಳಿ ಪಡೆಯಬಹುದು. ಮುಂದೆ ಏನನ್ನೇ ಇಳಿಸಿಕೊಳ್ಳುವಾಗಲೂ ಹುಡುಕಾಟದ ಫಲಿತಾಂಶದ ತುದಿಯಲ್ಲಿರುವ ಜಾಹೀರಾತನ್ನು ಬಿಟ್ಟು ತಯಾರಕರ ಸ್ವಂತ ತಾಣಕ್ಕೆ ಹೋಗಿ. ಇನ್‌ಸ್ಟಾಲ್ ಮಾಡುವಾಗ ‘ಕಸ್ಟಮ್’ ಆಯ್ಕೆಯನ್ನೇ ಒತ್ತಿ, ಮೊದಲೇ ಗುರುತು ಹಾಕಿಟ್ಟ ಚೌಕಗಳನ್ನು ಖಾಲಿ ಮಾಡಿ. ಕಡತದ ಮೇಲೆ ಬಲ ಕ್ಲಿಕ್ ಮಾಡಿ ಪ್ರಾಪರ್ಟೀಸ್ ತೆರೆದರೆ ‘ಡಿಜಿಟಲ್ ಸಿಗ್ನೇಚರ್ಸ್’ ಎಂಬ ಪುಟದಲ್ಲಿ ಸಹಿ ಮಾಡಿದವರ ಹೆಸರಿರುತ್ತದೆ. ಅಲ್ಲಿ ತಯಾರಕರ ಹೆಸರಿನ ಬದಲು ಕೇಳರಿಯದ ಹೆಸರೊಂದು ಕಂಡರೆ ಆ ಕಡತವನ್ನು ತೆರೆಯದೆ ಅಳಿಸಿಬಿಡಿ.

ಪ್ರಶ್ನೆ: ತಂತ್ರಾಂಶಗಳನ್ನು ತೆಗೆದ ನಂತರ ರಿಜಿಸ್ಟ್ರಿ ಕ್ಲೀನರ್ ನಡೆಸಬೇಕೆ?

ಉತ್ತರ: ಬೇಡ. ನೂರಾರು ದೋಷಗಳಿವೆಯೆಂದು ಅವು ಕೆಂಪು ಬಣ್ಣದಲ್ಲಿ ತೋರಿಸಿದರೂ, ಎಲ್ಲವನ್ನೂ ಅಳಿಸಿದ ಮೇಲೆ ಉಳಿಯುವ ಜಾಗ ಬೆಟ್ಟ ಅಗೆದು ಇಲಿ ಹಿಡಿದಷ್ಟೇ, ವೇಗವೂ ಹೆಚ್ಚುವುದಿಲ್ಲ. ಬೇಕಾದ ನಮೂದು ಅಳಿದುಹೋದರೆ ವಿಂಡೋಸನ್ನೇ ಮತ್ತೆ ಹಾಕಬೇಕಾದೀತು. ಇಂಥ ಸಾಧನಗಳ ಬಳಕೆಗೆ ಮೈಕ್ರೋಸಾಫ್ಟಿನ ಬೆಂಬಲವೂ ಇಲ್ಲ.