ತಿಳಿಯದೆ ಎಲ್ಲ ಪ್ರಶ್ನೆಗೂ ನಡುವಿನ ಟಿಕ್ ಹಾಕಿದೆ, ಏನಾದರೂ ತೊಂದರೆನಾ?

ಪ್ರಶ್ನೆ: ನನ್ನ ಮಗನಿಗೆ 9 ವರ್ಷ. ಕ್ಲಾಸಿನಲ್ಲಿ ಕೂರಲ್ಲ ಅಂತ ಶಾಲೆಯವರು ಕೌನ್ಸೆಲರ್ ಹತ್ತಿರ ಕಳಿಸಿದರು. ಅಲ್ಲಿ ಮಕ್ಕಳ ನಡವಳಿಕೆ ಬಗ್ಗೆ ಕೇಳುವ ‘ಎಸ್‌ಡಿಕ್ಯೂ’ ಅನ್ನುವ 25 ಸಾಲಿನ ಕನ್ನಡ ಫಾರ್ಮ್ ಕೊಟ್ಟರು. ನಾನು ಓದಿದ್ದು ಏಳನೇ ಕ್ಲಾಸ್. ಅರ್ಧ ತಿಳಿಯಲಿಲ್ಲ. ಕೇಳೋಕೆ ನಾಚಿಕೆಯಾಗಿ ಎಲ್ಲದಕ್ಕೂ ‘ಸ್ವಲ್ಪ ನಿಜ’ ಅಂತ ಟಿಕ್ ಹಾಕಿ ಬಂದೆ. ತೊಂದರೆ ಆಗುತ್ತಾ? ಮಗನ ಕೈಲೇ ತುಂಬಿಸಬಹುದಾ?
– ಓದುಗರು, ಇಳಕಲ್

ಉತ್ತರ: ಆಗುತ್ತದೆ, ಆದರೆ ಸರಿಪಡಿಸಬಹುದು. ನಡುವಿನ ಉತ್ತರ ಹಾಕಿದರೆ ಸೇಫ್ ಅಂತ ತುಂಬ ಜನ ಅಂದುಕೊಳ್ಳುತ್ತಾರೆ. ಈ ಫಾರ್ಮ್‌ನಲ್ಲಿ ಹಾಗಿಲ್ಲ. ‘ನಿಜವಲ್ಲ’, ‘ಸ್ವಲ್ಪ ನಿಜ’, ‘ಖಂಡಿತ ನಿಜ’ – ಈ ಮೂರರಲ್ಲಿ ನಡುವಿನದಕ್ಕೆ ಯಾವಾಗಲೂ 1 ಅಂಕ, ಉಳಿದೆರಡಕ್ಕೆ 0 ಇಲ್ಲವೇ 2. ತೊಂದರೆಗಳ ಮೊತ್ತ ಲೆಕ್ಕ ಹಾಕುವುದು 20 ಸಾಲುಗಳಿಂದ. ಅಲ್ಲಿಗೆ ನಿಮ್ಮ ಮಗನಿಗೆ 40ಕ್ಕೆ 20 ಬಂತು. ಪೋಷಕರ ಫಾರ್ಮ್‌ನಲ್ಲಿ 13ರವರೆಗೆ ಸಾಮಾನ್ಯ, 17 ಅಥವಾ ಅದಕ್ಕಿಂತ ಮೇಲೆ ಬಂದರೆ ಹೆಚ್ಚು ಅನ್ನುತ್ತಾರೆ. ಅಂದರೆ ಹುಡುಗನ ಬಗ್ಗೆ ನೀವು ಏನೂ ಹೇಳದೆಯೇ ಅವನು ‘ಹೆಚ್ಚು’ ಅನ್ನುವ ಪಟ್ಟಿಗೆ ಸೇರಿಬಿಟ್ಟ! ಆ ಗಡಿಗಳೂ ಬ್ರಿಟನ್ ಮಕ್ಕಳನ್ನು ನೋಡಿ ಹಾಕಿದ್ದು, ಇಳಕಲ್ಲಿನ ಮಕ್ಕಳನ್ನಲ್ಲ.

ತಿಳಿಯದಿದ್ದರೆ ತಪ್ಪು ನಿಮ್ಮದಲ್ಲ. ಕೆಲವು ಸಾಲುಗಳೇ ಹಾಗಿವೆ. ಚಡಪಡಿಕೆ, ಅತಿ ಚಟುವಟಿಕೆ, ಒಂದೆಡೆ ಕೂರದಿರುವುದು – ಮೂರನ್ನೂ ಒಂದೇ ಸಾಲಿನಲ್ಲಿ ಕೇಳಿ ಒಂದೇ ಟಿಕ್ ಹಾಕಿ ಅಂದರೆ ಡಿಗ್ರಿ ಓದಿದವರೂ ತಡವರಿಸುತ್ತಾರೆ. ತೊಂದರೆ ಲೆಕ್ಕದ ಆ 20 ಸಾಲುಗಳಲ್ಲೇ ಐದು ಒಳ್ಳೆ ಗುಣದವು, ‘ಯೋಚಿಸಿ ಕೆಲಸ ಮಾಡುತ್ತಾನೆ’ ಅನ್ನುವ ಥರದವು. ಅವಕ್ಕೆ ಅಂಕ ಉಲ್ಟಾ, ‘ಖಂಡಿತ ನಿಜ’ ಅಂದರೆ 0. ಮೇಲಾಗಿ ಕೇಳುವುದು ಕಳೆದ ಆರು ತಿಂಗಳ ಮಾತು, ನಿನ್ನೆ ಮಾಡಿದ ಗಲಾಟೆಯದಲ್ಲ. ಅದು ಮೇಲೆ ಒಂದೇ ಕಡೆ ಬರೆದಿರುತ್ತದೆ, ಯಾರ ಕಣ್ಣಿಗೂ ಬೀಳುವುದಿಲ್ಲ.

ಮತ್ತೆ ಹೋಗಿ. ‘ಅರ್ಥವಾಗದೆ ತುಂಬಿದ್ದೆ, ಒಂದೊಂದೇ ಓದಿ ಹೇಳಿ’ ಅನ್ನಿ. ಅವರು ಓದಿದ ಮೇಲೆ ನಿಮಗೆ ತಿಳಿದದ್ದನ್ನು ನಿಮ್ಮ ಮಾತಿನಲ್ಲೇ ತಿರುಗಿ ಹೇಳಿ: ‘ಒಂದ್ ಕಡಿ ಕುಂದ್ರೂದಿಲ್ಲ, ಅದನ್ನ ಕೇಳಾಕತ್ತೀರೇನ್ರಿ?’ ಅರ್ಥ ಒಂದೇ ಆಗಿದೆಯೋ ಇಲ್ಲವೋ ಅಲ್ಲೇ ಗೊತ್ತಾಗುತ್ತದೆ. ಹೀಗೆ ಕೇಳುವುದು ಕೌನ್ಸೆಲರ್‌ಗಳಿಗೆ ಹೊಸದೇನಲ್ಲ, ನಾಚಿಕೊಳ್ಳಬೇಡಿ. ಬೇಕಾದ ಕಡೆ ಪಕ್ಕದಲ್ಲಿ ಉದಾಹರಣೆ ಬರೆಸಿ: ಊಟಕ್ಕೆ ಕೂತರೆ ಎಷ್ಟು ಸಲ ಏಳುತ್ತಾನೆ, ಹೋಂವರ್ಕ್ ಎಲ್ಲಿಗೆ ಬಿಡುತ್ತಾನೆ. ನನ್ನ ಮಟ್ಟಿಗೆ ಟಿಕ್‌ಗಿಂತ ಇದೇ ಜಾಸ್ತಿ ಉಪಯೋಗ. ಅಂಕ ಬರೀ ಮೊದಲ ಜರಡಿ, ಕಾಯಿಲೆ ಹೆಸರಿಸುವುದಿಲ್ಲ.

ಮಗನ ಕೈಲಿ ತುಂಬಿಸಬೇಡಿ. ಮಕ್ಕಳೇ ತುಂಬುವ ಫಾರ್ಮ್ 11ರಿಂದ 17 ವರ್ಷದವರಿಗೆ. ಟೀಚರ್ ತುಂಬುವ ಫಾರ್ಮ್ ಬೇರೆಯೇ ಇದೆ. ಕ್ಲಾಸಿನ ದೂರು ಅಲ್ವಾ, ಅದನ್ನೂ ಕೇಳಿ ತರಿಸಿ.