ರಾತ್ರಿ ಕದ್ದು ತಿನ್ನುವ ಸಂಕಟ

ಪ್ರಶ್ನೆ: ನನಗೆ 27 ವರ್ಷ. ಹಗಲೆಲ್ಲ ಹೊಟ್ಟೆ ಕಟ್ಟಿ, ಎಲ್ಲರೂ ಮಲಗಿದ ಮೇಲೆ ಉಳಿದ ಅನ್ನ, ಬಿಸ್ಕತ್ತು, ಚಕ್ಕುಲಿ ಸಿಕ್ಕಿದ್ದೆಲ್ಲ ತಿಂದು, ಬೇಕೆಂದೇ ವಾಂತಿ ಮಾಡುತ್ತೇನೆ. ಸೋಮವಾರ ಅತ್ತೆಯ ಜೊತೆ ಒಪ್ಪತ್ತು ಬೇರೆ. ತೂಕ ಸರಿಯಾಗಿದೆ. ಆಪ್ತಸಮಾಲೋಚನೆಯಿಂದ ಇದು ವಾಸಿಯಾಗುವುದೇ?
– ಹೆಸರು ಬೇಡ, ಶಿವಮೊಗ್ಗ

ಉತ್ತರ: ವಾಸಿಯಾಗಬಲ್ಲದು, ಆದರೆ ಬರಿಯ ಸಾಂತ್ವನದ ಮಾತಿನಿಂದಲ್ಲ. ಲಕ್ಷಣಗಳು ಬುಲಿಮಿಯಾವನ್ನು, ಅಂದರೆ ಮಿತಿಮೀರಿ ತಿಂದು ಅದನ್ನು ಹೊರಹಾಕುವ ಕಾಯಿಲೆಯನ್ನು, ಹೋಲುತ್ತವೆ. ಇದಕ್ಕೆಂದು ಆಕ್ಸ್‌ಫರ್ಡಿನ ಮನೋವೈದ್ಯ ಕ್ರಿಸ್ಟಫರ್ ಫೇರ್‌ಬರ್ನ್ ರೂಪಿಸಿದ ಅರಿವು-ವರ್ತನೆ ಚಿಕಿತ್ಸೆ (ಯೋಚನೆ, ನಡವಳಿಕೆಗಳನ್ನು ಬದಲಿಸುವ ಮಾತಿನ ಚಿಕಿತ್ಸೆ) ಸಾಮಾನ್ಯವಾಗಿ 20 ವಾರ ನಡೆಯುತ್ತದೆ. ಮೊದಲ ದಿನವೇ ಯಾರೂ ನಿಮ್ಮ ಬಾಲ್ಯವನ್ನು ಕೆದಕುವುದಿಲ್ಲ. ತಿಂದದ್ದು, ತಿಂದ ಹೊತ್ತು, ಆಗ ಮನಸ್ಸಿನಲ್ಲಿದ್ದದ್ದು ಇವನ್ನು ಆಗಿಂದಾಗಲೇ ಬರೆದಿಡಲು ಹೇಳುತ್ತಾರೆ. ಬಳಿಕ ಮೂರು ಹೊತ್ತಿನ ಊಟ, ನಡುನಡುವೆ ತಿಂಡಿ. 4 ಗಂಟೆಗಿಂತ ಹೆಚ್ಚು ಹೊಟ್ಟೆ ಖಾಲಿ ಬಿಡುವಂತಿಲ್ಲ. ರಾತ್ರಿಯ ಆ ಹುಚ್ಚು ಹಸಿವಿಗೆ ಹಗಲಿನ ಉಪವಾಸವೇ ದೊಡ್ಡ ಕಾರಣ ಎಂಬುದನ್ನು ನನ್ನ ಬಳಿ ಬರುವವರು ಸುಲಭಕ್ಕೆ ನಂಬುವುದಿಲ್ಲ. ಒಪ್ಪತ್ತನ್ನೂ ಸದ್ಯಕ್ಕೆ ಬಿಡಿ. ಶಿವ ಮುನಿಯಲಾರ, ನಿಮ್ಮ ಅತ್ತೆಯವರನ್ನು ಒಪ್ಪಿಸುವುದೇ ಕಷ್ಟವಾದೀತು!

ಈ ವಾರವೇ ವೈದ್ಯರನ್ನು ಕಂಡು ರಕ್ತದ ಪೊಟ್ಯಾಶಿಯಂ ಪರೀಕ್ಷೆ ಮಾಡಿಸಿ. ಪದೇ ಪದೇ ವಾಂತಿಯಾಗಿ ಅದು ತೀರಾ ಇಳಿದರೆ ಹೃದಯದ ಬಡಿತ ಏರುಪೇರಾಗುತ್ತದೆ. ವಾಂತಿಯಾದ ಕೂಡಲೇ ಹಲ್ಲುಜ್ಜಬೇಡಿ, ಬಾಯಿ ಮುಕ್ಕಳಿಸಿದರೆ ಸಾಕು. ಎಲ್ಲಿಗೆ ಹೋಗಬೇಕೆಂದು ತಿಳಿಯದಿದ್ದರೆ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ. ಕನ್ನಡದಲ್ಲೇ ಮಾತನಾಡಬಹುದು, ಶುಲ್ಕವಿಲ್ಲ.