ಜರ್ಮನಿಯಲ್ಲಿ ಕಂಪನಿಯವರೇ ದುಡ್ಡು ಕೊಟ್ಟು ಕೆಲಸ ಬಿಡಿ ಅಂದರೆ ಸಹಿ ಹಾಕಬಹುದಾ?

ದಯವಿಟ್ಟು ಹಾಕಬೇಡಿ. ಸ್ಟುಟ್‌ಗಾರ್ಟ್ ಹತ್ತಿರ ಕಾರಿನ ಬಿಡಿಭಾಗ ಮಾಡುವ ಕಂಪನಿಯಲ್ಲಿದ್ದಾಗ ನನಗೂ ಇದೇ ಕಾಗದ ಬಂದಿತ್ತು. ಎಚ್‌ಆರ್‌ನವರು ಕಾಫಿ ಕೊಟ್ಟು ಕೂರಿಸಿ, ಎರಡು ಹಾಳೆಯ ಒಪ್ಪಂದ ಮುಂದಿಟ್ಟರು. ಮುಂದಿನ ತಿಂಗಳ ಕೊನೆಗೆ ಕೆಲಸ ಮುಗಿಯುತ್ತೆ, ಬದಲಿಗೆ ಇಷ್ಟು ಯೂರೋ. ಆ ಮೊತ್ತವನ್ನು ರೂಪಾಯಿಗೆ ಗುಣಿಸಿ ನೋಡಿದೆ, ಬಹಳ ಅನ್ನಿಸಿತು, ಅಲ್ಲೇ ಸಹಿ ಹಾಕಿಬಿಟ್ಟೆ.

ಆ ಸಹಿಯಿಂದ ಏನೇನು ಹೋಯ್ತು ಅಂತ ಬಿಡಿಸಿ ಹೇಳ್ತೀನಿ. ಅವರಾಗಿ ತೆಗೆದಿದ್ದರೆ ನನ್ನ ಕರಾರಿನ ಪ್ರಕಾರ ಮೂರು ತಿಂಗಳ ನೋಟಿಸ್ ಕೊಡಬೇಕಿತ್ತು, ಅಷ್ಟೂ ದಿನ ಸಂಬಳ ಬರ್ತಿತ್ತು. ಸಹಿ ಹಾಕಿದ್ದಕ್ಕೆ ನಾನೇ ಕೆಲಸ ಬಿಟ್ಟೆ ಅಂತ ಲೆಕ್ಕವಾಯ್ತು. ಉದ್ಯೋಗ ಕಚೇರಿಯವರು 12 ವಾರ ನಿರುದ್ಯೋಗ ಭತ್ಯೆ ತಡೆದರು, ಆ ದಿನಗಳನ್ನು ಭತ್ಯೆಯ ಒಟ್ಟು ಅವಧಿಯಿಂದಲೂ ಕಳೆದರು. ಇದಕ್ಕಿಂತ ದೊಡ್ಡ ಪೆಟ್ಟು ವೀಸಾದ್ದು. ಬ್ಲೂ ಕಾರ್ಡ್ (ಓದಿದ ವಿದೇಶಿ ಉದ್ಯೋಗಿಗಳಿಗೆ ಕೊಡುವ ಕೆಲಸದ ಪರವಾನಗಿ) ಇರುವವರು ಬಿ1, ಅಂದರೆ ಮಧ್ಯಮ ಹಂತದ ಜರ್ಮನ್ ಭಾಷಾ ಪರೀಕ್ಷೆ ಪಾಸಾಗಿದ್ದರೆ 21 ತಿಂಗಳ ಕೆಲಸದ ನಂತರ ಕಾಯಂ ವಾಸದ ಪರವಾನಗಿ ಕೇಳಬಹುದು. ಬಿ1 ಸರ್ಟಿಫಿಕೇಟು ಕೈಯಲ್ಲೇ ಇತ್ತು. ನೋಟಿಸ್ ಅವಧಿ ಪೂರ್ತಿ ಕೆಲಸದಲ್ಲಿದ್ದರೆ 21 ತಿಂಗಳು ತುಂಬುತ್ತಿತ್ತು. ಹಾಳೆಯಲ್ಲಿದ್ದ ಕೊನೆಯ ದಿನಾಂಕದ ಕಡೆ ನಾನು ಗಮನವನ್ನೇ ಕೊಡಲಿಲ್ಲ. ಒಂದೇ ಸಹಿಗೆ ಸಂಬಳ, ಭತ್ಯೆ, ಪರವಾನಗಿ ಮೂರೂ ಹೋದವು.

ಇಲ್ಲಿನ ಆರ್ಥಿಕತೆ ಚೇತರಿಸಿಕೊಳ್ಳುವವರೆಗೆ ಬೆಂಗಳೂರಿಗೆ ಹೋಗಿದ್ದು, ಆಮೇಲೆ ವಾಪಸ್ ಬರಲಾ ಅಂತ ಕೇಳಿದ್ದೀರಿ. ಆ ಲೆಕ್ಕಾಚಾರವೇ ತಪ್ಪು. 2023, 2024 ಎರಡೂ ವರ್ಷ ಜರ್ಮನಿಯ ಜಿಡಿಪಿ ಕುಗ್ಗಿತು. 2025ರ ಆಗಸ್ಟ್‌ನಲ್ಲಿ ನಿರುದ್ಯೋಗಿಗಳು 30 ಲಕ್ಷ ದಾಟಿದರು. ಫೋಕ್ಸ್‌ವ್ಯಾಗನ್ ಒಂದೇ 2030ರೊಳಗೆ 35,000 ಹುದ್ದೆ ಇಳಿಸೋಕೆ ಯೂನಿಯನ್ ಜೊತೆ ಒಪ್ಪಂದ ಮಾಡಿಕೊಂಡಿದೆ. ಮಳೆ ನಿಂತ ಮೇಲೆ ಹೊರಟರಾಯ್ತು ಅಂತ ಕಾಯುವ ಪರಿಸ್ಥಿತಿ ಇದಲ್ಲ. ರಷ್ಯಾದ ಅಗ್ಗದ ಗ್ಯಾಸ್ ನಿಂತಿದೆ, ಚೀನಾದಲ್ಲಿ ಜರ್ಮನ್ ಕಾರು ಮೊದಲಿನಷ್ಟು ಮಾರಾಟವಾಗ್ತಿಲ್ಲ. ಡೀಸೆಲ್ ಎಂಜಿನ್ ನಂಬಿದ್ದ ಹುದ್ದೆಗಳು ವಾಪಸ್ ಬರ್ತವೆ ಅಂತ ನನಗೆ ಅನ್ನಿಸಲ್ಲ. ಇಲ್ಲೇ ಇದ್ದು ವಿದ್ಯುತ್ ಗ್ರಿಡ್, ರೈಲ್ವೆ ಕಡೆ ಅರ್ಜಿ ಹಾಕಿ. ನನಗೆ ಕೊನೆಗೆ ಸಿಕ್ಕಿದ್ದು ರೈಲ್ವೆ ಸಿಗ್ನಲ್ ಕೆಲಸ, ಇಂಟರ್‌ವ್ಯೂ ಪೂರ್ತಿ ಜರ್ಮನ್‌ನಲ್ಲೇ ನಡೀತು. ಜರ್ಮನ್ ಕಲಿಯೋಕೆ ಈಗಲೇ ಕೂತುಕೊಳ್ಳಿ.

ಕಂಪನಿಯವರು ಎಷ್ಟೇ ಅವಸರ ಮಾಡಲಿ, ಕಾಗದ ಮನೆಗೆ ತಂದು ಕಾರ್ಮಿಕ ಕಾನೂನು ಗೊತ್ತಿರುವ ವಕೀಲರಿಗೆ ತೋರಿಸಿ. ಅವರಾಗಿಯೇ ವಜಾ ಪತ್ರ ಕೊಟ್ಟರೆ ಕೋರ್ಟಿಗೆ ಹೋಗೋಕೆ 3 ವಾರ ಮಾತ್ರ ಟೈಮ್ ಇರುತ್ತೆ. ಉದ್ಯೋಗ ಕಚೇರಿಯಲ್ಲಿ 3 ದಿನದೊಳಗೆ ಹೆಸರು ಬರೆಸಿ, ತಡ ಮಾಡಿದರೆ ಅದಕ್ಕೂ ಭತ್ಯೆ ಹಿಡೀತಾರೆ.